ಕೋರ್ಟಿನಲ್ಲಿ ಜೋಡಿ, ಊಟಕ್ಕೆ ಅಂಗಳ



ಇವತ್ತು ಧರಣಿ, ಮನವಿ, ಡಿಸಿ ಆಫೀಸು ಯಾವುದರ ಬಗ್ಗೆಯೂ ಬರೀತಿಲ್ಲ. ಟೆನಿಸ್ ಬಗ್ಗೆ ಬರೀತಿದ್ದೇನೆ. ನಗಬೇಡಿ. ತೆಕ್ಕಟ್ಟೆ ಕಾಲನಿಯವನಿಗೂ ಟೆನಿಸ್ಸಿಗೂ ಎಂತ ಸಂಬಂಧ ಅಂತ ಮನೆಯವಳೂ ಕೇಳಿದಳು. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದಾಗ ಓದಿ.

2025ರ ನವೆಂಬರ್ 1ಕ್ಕೆ, ನಾವೆಲ್ಲ ರಾಜ್ಯೋತ್ಸವದ ಬಾವುಟ ಕಟ್ಟುತ್ತಿದ್ದ ದಿನವೇ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದರು. ವಯಸ್ಸು 45. ಕೊನೆಯ ಪಂದ್ಯ ಆಡಿದ್ದು ಅದೇ ವಾರ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ. ಒಳಾಂಗಣ ಕೋರ್ಟು, ಪುರುಷರ ಡಬಲ್ಸ್. ಜೋಡಿ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ಎದುರಿಗೆ ಜಾನ್ ಪಿಯರ್ಸ್ ಮತ್ತು ಜೆ.ಜೆ. ಟ್ರೇಸಿ. ಒಂದೊಂದು ಸೆಟ್ ಹಂಚಿಕೊಂಡು, ಕೊನೆಗೆ ಹತ್ತು ಪಾಯಿಂಟಿನ ಟೈಬ್ರೇಕಿನಲ್ಲಿ 10-8ರಿಂದ ಸೋತರು. ಮೊದಲ ಸುತ್ತಿನಲ್ಲೇ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿಗೆ ಡಬಲ್ಸ್‌ನಲ್ಲಿ ಜಗತ್ತಿಗೇ ನಂಬರ್ 1 ಆದ ಮನುಷ್ಯ. ಮೊಣಕಾಲಿನ ಮೃದ್ವಸ್ಥಿ ಸವೆದು ಹೋದಮೇಲೂ ಯೋಗ ಮಾಡಿಕೊಂಡು ಆಡಿದವರು. ನನಗಿಂತ ಒಂದು ವರ್ಷ ದೊಡ್ಡವರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೋಪಣ್ಣರಿಗಾಗಿ ಅಲ್ಲ. ಹಳೆಯದೊಂದು ಎದ್ದು ಕೂತಿತು.

ಅದನ್ನು ಹೇಳುವ ಮೊದಲು ಡಬಲ್ಸ್ ಬಗ್ಗೆ ಎರಡು ಮಾತು.

ಟೆನಿಸ್ ನೋಡುವವರಲ್ಲಿ ಹೆಚ್ಚಿನವರಿಗೆ ಸಿಂಗಲ್ಸೇ ಆಟ. ಡಬಲ್ಸಿಗೆ ದುಡ್ಡೂ ಕಡಿಮೆ, ಟಿವಿಯಲ್ಲಿ ತೋರಿಸುವುದೂ ಕಡಿಮೆ. ಆದರೆ ನನಗೆ ಡಬಲ್ಸ್ ಇಷ್ಟ. ಒಂದನೇ ಕಾರಣ ಗೆರೆ. ಟೆನಿಸ್ ಕೋರ್ಟ್ 78 ಅಡಿ ಉದ್ದ. ಅಗಲ ಸಿಂಗಲ್ಸಿಗೆ 27 ಅಡಿ, ಡಬಲ್ಸಿಗೆ 36 ಅಡಿ. ಅಂದರೆ ಎರಡೂ ಬದಿಗೆ ನಾಲ್ಕೂವರೆ ಅಡಿಯ ಒಂದೊಂದು ಪಟ್ಟಿ. ಸಿಂಗಲ್ಸಿನಲ್ಲಿ ಚೆಂಡು ಆ ಪಟ್ಟಿಯಲ್ಲಿ ಬಿದ್ದರೆ ಔಟ್. ಡಬಲ್ಸಿನಲ್ಲಿ ರ‍್ಯಾಲಿ ನಡೆಯುವಾಗ ಅದೇ ಜಾಗ ಇನ್. ಊರ ಹೊರಗಿನ ಪಟ್ಟಿಯಲ್ಲಿ ಹುಟ್ಟಿದ ನಮಗೆ ಇದು ಹೇಗೆ ಕಾಣ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೇ ಕಾರಣ ಕೈ. ಡಬಲ್ಸ್ ಆಡುವವರನ್ನು ಸರಿಯಾಗಿ ನೋಡಿ. ಪ್ರತಿ ಪಾಯಿಂಟ್ ಮುಗಿದ ಮೇಲೆ ಇಬ್ಬರೂ ಹತ್ತಿರ ಬಂದು ಕೈ ತಟ್ಟಿಕೊಳ್ತಾರೆ. ಗೆದ್ದರೂ ತಟ್ಟುತ್ತಾರೆ, ಜೊತೆಗಾರ ಚೆಂಡನ್ನು ನೆಟ್ಟಿಗೆ ಹೊಡೆದು ಪಾಯಿಂಟ್ ಕಳೆದಿದ್ದರೂ ತಟ್ಟುತ್ತಾರೆ. ಒಂದು ಪಂದ್ಯ ಮುಗಿಯುವಷ್ಟರಲ್ಲಿ ಎಷ್ಟು ಸಲ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಬೆವರಿದ ಕೈ, ಇನ್ನೊಬ್ಬನ ಬೆವರಿದ ಕೈ. ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳು ತೋರಿಸಿ ಸನ್ನೆ ಮಾಡ್ತಾನೆ. ಹಿಂದಿನವನು ಗಂಟೆಗೆ 200 ಕಿ.ಮೀ. ವೇಗದಲ್ಲಿ ಸರ್ವ್ ಹೊಡೆಯುವಾಗಲೂ ಇವನು ತಿರುಗಿ ನೋಡುವುದಿಲ್ಲ. ತಲೆಗೆ ಹೊಡೆಯಲಿಕ್ಕಿಲ್ಲ ಅನ್ನುವ ನಂಬಿಕೆ.

ಮುಟ್ಟುವುದು, ನಂಬುವುದು. ನಮ್ಮಂಥವರಿಗೆ ಇವೆರಡೂ ಸಣ್ಣ ಮಾತಲ್ಲ.

ಈಗ ನನ್ನ ಕಥೆ. 1998. ಸುಗ್ಗಿ ಕೊಯ್ಲು ಮುಗಿದು ಗದ್ದೆ ಖಾಲಿ ಇತ್ತು. ನಮ್ಮ ಕಡೆ ಗದ್ದೆ ಖಾಲಿಯಾದರೆ ಆಟ ಶುರು. ವಾಲಿಬಾಲ್, ಕಬಡ್ಡಿ, ರಾತ್ರಿಗೆ ಶಟಲ್. ಟೆನಿಸ್ ನಾವು ಕಂಡದ್ದು ಟಿವಿಯಲ್ಲಿ ಮಾತ್ರ, ನಮ್ಮ ಡಬಲ್ಸ್ ಅಂದರೆ ಶಟಲ್ ಡಬಲ್ಸ್. ಕಡಲ ಗಾಳಿಗೆ ಶಟಲ್ ಹಾರಿ ಹೋಗ್ತದೆ ಅಂತ ಮೂರು ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಮೇಲಿಂದ ಟರ್ಪಾಲು ಎಳೆದು, ನಾಲ್ಕು ಮೂಲೆಗೆ ಟ್ಯೂಬ್‌ಲೈಟು. ಅದೇ ನಮ್ಮ ಇಂಡೋರ್ ಸ್ಟೇಡಿಯಂ. ನೆಲ ಸಮ ಮಾಡಿ, ಸೆಗಣಿ ಸಾರಿಸಿ, ಸುಣ್ಣದಲ್ಲಿ ಗೆರೆ ಎಳೆಯುವ ಕೆಲಸ ನಮ್ಮ ಕಾಲನಿಯ ಹುಡುಗರದ್ದು. ಕೂಲಿ ಇಲ್ಲ. ಬದಲಿಗೆ ಸಂಜೆ ಹೊತ್ತು, ದೊಡ್ಡವರು ಬರುವ ಮೊದಲು, ಅರ್ಧ ಗಂಟೆ ಆಡ್ಲಿಕ್ಕೆ ಬಿಡ್ತಿದ್ದರು. ನಾನು ಆಟ ಕಲಿತದ್ದು ಆ ಅರ್ಧ ಗಂಟೆಯಲ್ಲಿ.

ನನಗೊಬ್ಬ ಜೋಡಿ ಇದ್ದ. ಹೆಸರು ಬೇಡ, ಈಗಲೂ ಊರಲ್ಲೇ ಇದ್ದಾನೆ, ಇದನ್ನು ಓದಿದರೂ ಓದಬಹುದು. ಧಣಿಗಳ ಮನೆಯ ಹುಡುಗ, ನನ್ನದೇ ಕ್ಲಾಸು. ನನ್ನ ಹತ್ತಿರ ಬ್ಯಾಟ್ ಇರಲಿಲ್ಲ, ಅವನ ಹತ್ತಿರ ಎರಡಿತ್ತು. ಅವನಿಗೆ ಹಿಂದೆ ನಿಂತು ಸ್ಮ್ಯಾಶ್ ಹೊಡೆಯುವ ಹುಚ್ಚು. ನಾನು ಮುಂದೆ, ನೆಟ್ ಹತ್ತಿರ. ಆ ವರ್ಷದ ಟೂರ್ನಮೆಂಟಿನಲ್ಲಿ ಒಂದೊಂದೇ ಸುತ್ತು ದಾಟಿ ಫೈನಲ್ಲಿಗೆ ಬಂದೆವು. ಎದುರಿಗೆ ಕುಂದಾಪುರ ಪೇಟೆಯ ಇಬ್ಬರು, ಕಾಲಿಗೆ ಬಿಳಿ ಶೂಸು. ನಾನು ಬರಿಗಾಲು. ಆಗ 15 ಪಾಯಿಂಟಿನ ಆಟ. ಮೂರನೇ ಗೇಮ್ 15-12ಕ್ಕೆ ನಮ್ಮದಾಯಿತು. ಪ್ರತಿ ಪಾಯಿಂಟಿಗೂ ಅವನು ಬಂದು ನನ್ನ ಕೈಗೆ ಕೈ ಹೊಡೆಯುತ್ತಿದ್ದ. ಕೊನೆಯ ಪಾಯಿಂಟಿಗೆ ಎತ್ತಿಯೇಬಿಟ್ಟ. ಗದ್ದೆ ತುಂಬ ಜನ ಕೂಗಿದರು. ಆ ಕೂಗು ಈಗಲೂ ಕಿವಿಯಲ್ಲಿದೆ. ಒಂದು ಕಪ್, ಒಂದು ಬಾಳೆಗೊನೆ ಬಹುಮಾನ.

ಅವನ ಮನೆಯಲ್ಲಿ ಗೆದ್ದ ಖುಷಿಗೆ ಕೋಳಿ ಮಾಡಿದ್ದರು. "ಬಾ, ಊಟ ಮಾಡ್ಕಂಡ್ ಹೋಯ್ಲಕ್" ಅಂತ ಅವನೇ ಕರೆದ. ಅವನ ಹೆಗಲ ಮೇಲೆ ನನ್ನ ಕೈ, ನನ್ನ ಹೆಗಲ ಮೇಲೆ ಅವನ ಕೈ, ಹಾಗೇ ಗದ್ದೆ ಅಂಚಿನ ಮೇಲೆ ನಡೆದು ಹೋದೆವು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವನ ಕೈ ನನ್ನ ಹೆಗಲಿಂದ ಇಳಿಯಿತು. ಅವನು ಇಳಿಸಿದ್ದು ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ. ಅಷ್ಟು ಅಭ್ಯಾಸ ಆಗಿತ್ತು. ಅವನು ಮೆಟ್ಟಿಲು ಹತ್ತಿ ಒಳಗೆ ಹೋದ. ನಾನು ಅಂಗಳದಲ್ಲಿ ನಿಂತೆ. ನನಗೂ ಅಭ್ಯಾಸ ಆಗಿತ್ತು, ಯಾರೂ ಹೇಳಬೇಕಾಗಿರಲಿಲ್ಲ.

"ಮಾಣಿಗೆ ಅಲ್ಲೇ ಬಡ್ಸ್" ಅಂತ ಒಳಗಿನಿಂದ ದನಿ ಬಂತು. ಹುಲ್ಲುಕುತ್ರಿ ಪಕ್ಕ ಬಾಳೆಲೆ ಹಾಕಿದರು. ಅನ್ನ, ಕೋಳಿ ಸಾರು, ಮೇಲಿಂದ ಬಿಟ್ಟರು. ಕೈ ತಾಗಬಾರದಲ್ಲ. ಉಂಡೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಎದ್ದು ಎಲೆ ನಾನೇ ಎತ್ತಿದೆ, ಉಂಡ ಜಾಗಕ್ಕೆ ಸೆಗಣಿ ನೀರು ನಾನೇ ಹಾಕಿದೆ. ಜಗಲಿಯ ಕಿಟಕಿಯಿಂದ ಅವನು ಒಂದು ಸಲ ನೋಡಿದ. ಮತ್ತೆ ತನ್ನ ಬಟ್ಟಲು ನೋಡಿಕೊಂಡ. ಕಪ್ ಅವನ ಮನೆಯ ಕಪಾಟಿನಲ್ಲಿ ಉಳಿಯಿತು.

ಮಾರನೇ ದಿನ ಅವನು ಅರ್ಧ ಬಾಳೆಗೊನೆ ಹೊತ್ತುಕೊಂಡು ಕಾಲನಿಗೆ ಬಂದ. ಪಾಪ, ಲೆಕ್ಕ ತಪ್ಪಲಿಲ್ಲ. ಅಬ್ಬಿಗೆ ಖುಷಿಯೋ ಖುಷಿ. ಧಣಿಗಳ ಮಗ ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಹೊಸ ಲೋಟ ತೊಳೆದು ಚಾ ಮಾಡಿ ತಂದಳು. "ಕುಡ್ಕಂಡ್ ಹೋಗ್ ಮಗಾ" ಅಂದಳು. ಅವನು ಲೋಟ ನೋಡಿದ, ನನ್ನ ನೋಡಿದ. "ಬ್ಯಾಡ, ಈಗಷ್ಟೇ ಕುಡ್ಕಂಡ್ ಬಂದೆ" ಅಂದ. ಅಬ್ಬಿ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಆ ಚಾ ಆಮೇಲೆ ಯಾರೂ ಕುಡಿಯಲಿಲ್ಲ.

ಆಮೇಲೂ ಎರಡು ವರ್ಷ ಅವನ ಜೊತೆ ಆಡಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ವೇದಿಕೆ ಮೇಲೆ ಸ್ವಾಭಿಮಾನದ ಭಾಷಣ ಮಾಡುವವ, ಅಬ್ಬಿಯ ಚಾ ಬೇಡ ಅಂದವನ ಜೊತೆ ಎರಡು ವರ್ಷ ಕೈ ತಟ್ಟಿದೆ. ಯಾಕೆಂದರೆ ಆಟ ಬೇಕಿತ್ತು, ಬ್ಯಾಟು ಅವನದ್ದಾಗಿತ್ತು. ಬೈಯುವವರು ಬೈಯಿರಿ.

ಈಗ ಪ್ಯಾರಿಸ್ಸಿಗೆ ಬರ್ತೇನೆ.

2011ರ ನವೆಂಬರ್. ಕುಂದಾಪುರ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಪೇಪರ್ ನೋಡ್ತಿದ್ದೆ. ಕ್ರೀಡಾಪುಟದ ಕೆಳಗೆ ಸಣ್ಣ ಸುದ್ದಿ. ಪ್ಯಾರಿಸ್ ಮಾಸ್ಟರ್ಸ್ ಡಬಲ್ಸ್ ಪ್ರಶಸ್ತಿ ರೋಹನ್ ಬೋಪಣ್ಣ ಮತ್ತು ಐಸಾಮ್ ಉಲ್ ಹಕ್ ಖುರೇಷಿಗೆ. ಬೆರ್ಸಿ ಅನ್ನುವ ಕಡೆಯ ಒಳಾಂಗಣ ಕ್ರೀಡಾಂಗಣ. ಎದುರಾಳಿಗಳು ಫ್ರಾನ್ಸಿನವರೇ, ಜೂಲಿಯನ್ ಬೆನೆಟೊ ಮತ್ತು ನಿಕೊಲಾ ಮಾಹು. ಜನ ಪೂರ್ತಿ ಅವರ ಕಡೆ. ಚಾವಣಿ ಇದ್ದಲ್ಲಿ ಗಾಳಿ ಇಲ್ಲ, ಬಿಸಿಲಿಲ್ಲ, ಆದರೆ ಜನರ ಕೂಗು ಹೊರಗೆ ಹೋಗಲಿಕ್ಕೂ ದಾರಿ ಇಲ್ಲ. ಆ ಗದ್ದಲದೊಳಗೆ 6-2, 6-4ರಿಂದ ಗೆದ್ದರು ಒಬ್ಬ ಕೊಡಗಿನವ, ಒಬ್ಬ ಲಾಹೋರಿನವ.

ನಾನು ಸುದ್ದಿಯನ್ನು ಗಟ್ಟಿಯಾಗಿ ಓದಿದೆ. ಪಕ್ಕದ ಟೇಬಲಿನವರೊಬ್ಬರು ಕೇಳಿದರು: "ಇವ್ನಿಗೆ ಆಡುಕೆ ಪಾಕಿಸ್ತಾನದವ್ನೇ ಆಯ್ಕಾ? ಬೇರೆ ಜನ ಸಿಕ್ಲಿಲ್ಲ್ಯಾ?"

ಬೇರೆ ಜನ. ಆ ಮಾತು ಕೇಳಿದ ಕೂಡಲೇ ನನಗೆ ಹುಲ್ಲುಕುತ್ರಿ ನೆನಪಾಯಿತು. ನನ್ನ ಜೋಡಿಗೂ ಇದೇ ಪ್ರಶ್ನೆಯನ್ನು ಅವನ ಮನೆಯಲ್ಲಿ ಎಷ್ಟು ಸಲ ಕೇಳಿರಬಹುದು?

ಆಮೇಲೆ ಈ ಖುರೇಷಿ ಯಾರು ಅಂತ ಹುಡುಕಿ ಹುಡುಕಿ ಓದಿದೆ. 2002ರಲ್ಲಿ ಈ ಮನುಷ್ಯ ವಿಂಬಲ್ಡನ್‌ನಲ್ಲಿ ಇಸ್ರೇಲಿನ ಅಮೀರ್ ಹದಾದ್ ಜೊತೆ ಜೋಡಿಯಾಗಿ ಆಡಿದರು. ಮೂರನೇ ಸುತ್ತಿನವರೆಗೆ ಹೋದರು. ಅವರದೇ ದೇಶದ ಕ್ರೀಡಾ ಅಧಿಕಾರಿಗಳು ನಿಷೇಧದ ಬೆದರಿಕೆ ಹಾಕಿದರು. ಆದರೂ ಅದೇ ವರ್ಷ ಅಮೆರಿಕನ್ ಓಪನ್‌ನಲ್ಲಿ ಮತ್ತೆ ಅದೇ ಹದಾದ್ ಜೊತೆ ಆಡಿದರು. ಎಂಟು ವರ್ಷ ಬಿಟ್ಟು, 2010ರಲ್ಲಿ ಬೋಪಣ್ಣ ಜೊತೆ ಅಮೆರಿಕನ್ ಓಪನ್ ಫೈನಲ್. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕಿನಲ್ಲಿ ಸೋತರು. ಆದರೆ ಗ್ಯಾಲರಿಯಲ್ಲಿ ಭಾರತ ಮತ್ತು ಪಾಕಿಸ್ತಾನದ ವಿಶ್ವಸಂಸ್ಥೆ ರಾಯಭಾರಿಗಳು ಒಟ್ಟಿಗೆ ಕೂತು ನೋಡಿದರು. ಯುದ್ಧ ನಿಲ್ಲಿಸಿ ಟೆನಿಸ್ ಶುರು ಮಾಡಿ ಅಂತ ಈ ಇಬ್ಬರೂ ಪ್ರಚಾರ ಮಾಡಿದ್ದರು. ವಾಘಾ ಗಡಿಯ ಗೆರೆಯ ಮೇಲೆ ನೆಟ್ ಕಟ್ಟಿ, ಆಚೆಗೊಬ್ಬ ಈಚೆಗೊಬ್ಬ ನಿಂತು ಆಡುವ ಆಸೆ ಇತ್ತು ಇಬ್ಬರಿಗೂ. ಅದು ಕೈಗೂಡಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಕ್ರಿಕೆಟ್ ನೋಡಿದಿರಲ್ಲ. ದುಬೈನಲ್ಲಿ ಪಂದ್ಯ ಮುಗಿದ ಮೇಲೆ ನಮ್ಮವರು ಪಾಕಿಸ್ತಾನದವರ ಕೈ ಕುಲುಕಲಿಲ್ಲ. ಪಹಲ್ಗಾಮ್‌ನಲ್ಲಿ 26 ಜನ ಸತ್ತ ನೋವು ನಿಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೈ ಕೊಡದೇ ಇರುವುದನ್ನು ಶೌರ್ಯ ಅಂತ ಸ್ಟೇಟಸ್ ಹಾಕಿಕೊಂಡವರನ್ನು ನೋಡಿ ನನಗೆ ಅನ್ನಿಸಿದ್ದಿಷ್ಟು: ಕೈ ಮುಟ್ಟದಿರುವುದು ನಮ್ಮ ಊರಿಗೆ ಹೊಸ ವಿದ್ಯೆ ಏನಲ್ಲ ಮಾರಾಯ್ರೇ. ಅದರಲ್ಲಿ ನಮ್ಮವರು ಶತಮಾನಗಳಿಂದ ಎಕ್ಸ್‌ಪರ್ಟ್.

ಹಾಗಂತ ಬೋಪಣ್ಣ–ಖುರೇಷಿ ಜೋಡಿಯನ್ನು ಪೂಜೆ ಮಾಡಲಿಕ್ಕೆ ಹೋಗಬೇಡಿ. ಡಬಲ್ಸ್‌ನಲ್ಲಿ ಜೋಡಿ ಮುರಿಯುವುದು ಸಾಮಾನ್ಯ. ಪ್ಯಾರಿಸ್ ಗೆದ್ದ ಬೆನ್ನಿಗೇ ಇವರೂ ಬೇರೆಯಾದರು. 2012ರ ಲಂಡನ್ ಒಲಿಂಪಿಕ್ಸ್ ಹತ್ತಿರ ಬಂದಿತ್ತು, ಅಲ್ಲಿ ಜೋಡಿ ಒಂದೇ ದೇಶದವರಾಗಿರಬೇಕು. ಬೋಪಣ್ಣ ಮಹೇಶ್ ಭೂಪತಿ ಜೊತೆ ಸೇರಿದರು. ಲಿಯಾಂಡರ್ ಪೇಸ್ ಜೊತೆ ನಾವಿಬ್ಬರೂ ಆಡುವುದಿಲ್ಲ ಅಂತ ಹಟ ಹಿಡಿದರು, ದೊಡ್ಡ ರಾದ್ಧಾಂತ ಆಯಿತು. ಟೆನಿಸ್ ಸಂಸ್ಥೆ ಇಬ್ಬರಿಗೂ ದೇಶದ ಪರ ಆಡದಂತೆ ನಿಷೇಧ ಹಾಕಿತು, ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ನವೆಂಬರಿನಲ್ಲಿ ಮತ್ತೆ ಅದೇ ಬೆರ್ಸಿ, ಮತ್ತೆ ಡಬಲ್ಸ್ ಫೈನಲ್. ಈ ಕಡೆ ಭೂಪತಿ–ಬೋಪಣ್ಣ. ಆ ಕಡೆ ಯಾರು ಗೊತ್ತಾ? ಖುರೇಷಿ, ಹೊಸ ಜೋಡಿ ಜೀನ್ ಜೂಲಿಯನ್ ರೋಜರ್ ಜೊತೆ. 7-6, 6-3ರಿಂದ ನಮ್ಮವರು ಗೆದ್ದರು. ಒಂದು ವರ್ಷದ ಹಿಂದೆ ಒಟ್ಟಿಗೆ ಕಪ್ ಎತ್ತಿದವರು ಅದೇ ಕೋರ್ಟಿನಲ್ಲಿ ನೆಟ್ಟಿನ ಆಚೆ ಈಚೆ. ಆದರೆ 2014ರಲ್ಲಿ ಇಬ್ಬರೂ ಮತ್ತೆ ಒಟ್ಟಿಗೆ ಆಡಿದರು. ಬೇರೆಯಾದದ್ದು ಆಟದ ಲೆಕ್ಕಕ್ಕೆ, ಮೈಲಿಗೆಗಲ್ಲ. ಈ ವ್ಯತ್ಯಾಸ ನನಗೆ ಮುಖ್ಯ.

ಯಾರ ಜೊತೆ ಆಡ್ತೇನೆ, ಯಾರ ಜೊತೆ ಆಡುವುದಿಲ್ಲ ಅಂತ ಹೇಳುವ ಹಕ್ಕು ಕೂಡ ಎಲ್ಲರಿಗೂ ಇಲ್ಲ. ಬ್ಯಾಟಿಲ್ಲದ ನನಗೆ 1998ರಲ್ಲಿ ಇರಲಿಲ್ಲ. ಬೋಪಣ್ಣರ ತಂದೆ ಕಾಫಿ ಬೆಳೆಗಾರರು. 11ನೇ ವಯಸ್ಸಿಗೆ ಮಗನ ಕೈಗೆ ಟೆನಿಸ್ ರಾಕೆಟ್ ಬಂತು. ಆ ಸಾಧನೆಗೆ ನನ್ನ ಸಲಾಂ ಇದೆ, ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಕೊಡಗಿನ ಲೈನ್ ಮನೆಗಳಲ್ಲಿ ಬೆಳೆದ ಎರವರ, ದಲಿತರ ಮಕ್ಕಳಲ್ಲಿ ಎಷ್ಟು ಜನ ಟೆನಿಸ್ ಕೋರ್ಟಿನ ಗೆರೆ ದಾಟಿ ಒಳಗೆ ಹೋಗಿದ್ದಾರೆ ಅಂತ ಕೇಳದೇ ಇರಲಿಕ್ಕೂ ಆಗುವುದಿಲ್ಲ.

ಗೆರೆ ಎಳೆಯಲಿಕ್ಕಾದರೆ ನಾವು ಹಿಂದಿನಿಂದಲೂ ಇದ್ದೇವೆ. ಪಾಲ್ವಂಕರ್ ಬಾಲು ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಚಮ್ಮಾರ ಸಮುದಾಯದಲ್ಲಿ. ಪುಣೆಯಲ್ಲಿ ಬ್ರಿಟಿಷರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಕೆಲಸ ಪಿಚ್ ಉರುಳು ಹೊಡೆಯುವುದು, ನೆಟ್ ಕಟ್ಟುವುದು, ಬೇಕಾದಾಗ ಟೆನಿಸ್ ಕೋರ್ಟಿಗೆ ಗೆರೆ ಎಳೆಯುವುದು. ಹೌದು, ಟೆನಿಸ್ ಕೋರ್ಟಿನ ಗೆರೆ. ಸಾಹೇಬರಿಗೆ ಅಭ್ಯಾಸಕ್ಕೆ ಬೌಲಿಂಗ್ ಮಾಡ್ತಾ ಮಾಡ್ತಾ ದೇಶದ ದೊಡ್ಡ ಸ್ಪಿನ್ ಬೌಲರ್ ಆದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್. ಪುಣೆಯ ಹಿಂದೂ ಟೀಮಿಗೆ ಅವರ ಬೌಲಿಂಗ್ ಬೇಕಿತ್ತು, ತೆಗೆದುಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಮೇಲ್ಜಾತಿಯವರೂ ಮುಟ್ಟಿದರು. ಟೀ ವಿರಾಮಕ್ಕೆ ಮಾತ್ರ ಬಾಲು ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಾ. ಊಟ ಬೇರೆ ಕಡೆ, ಬೇರೆ ತಟ್ಟೆಯಲ್ಲಿ.

ಚೆಂಡಿಗೆ ಮೈಲಿಗೆ ಇಲ್ಲ, ಚಾಕ್ಕೆ ಇದೆ. ಇದನ್ನು ಓದಿದ ದಿನ ನನಗೆ ಅಬ್ಬಿಯ ಲೋಟ ಕಣ್ಣ ಮುಂದೆ ಬಂತು. ಬಾಲು ಕಡೆಗೆ 1937ರ ಚುನಾವಣೆಯಲ್ಲಿ ನಮ್ಮ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ಅದೂ ನಿಜ. ಆದರೂ ಆ ಮಣ್ಣಿನ ಕುಡಿಕೆ ನಮ್ಮದೇ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬೋಪಣ್ಣ–ಖುರೇಷಿಗೆ 2010ರಲ್ಲಿ ಒಂದು ಮಾನವೀಯ ಪ್ರಶಸ್ತಿ ಸಿಕ್ಕಿತು. ಅದು ಆರ್ಥರ್ ಆ್ಯಶ್ ಹೆಸರಿನದ್ದು. 1975ರಲ್ಲಿ ವಿಂಬಲ್ಡನ್ ಗೆದ್ದ ಕಪ್ಪು ಆಟಗಾರ. ಹುಟ್ಟೂರು ಅಮೆರಿಕದ ರಿಚ್ಮಂಡ್. ಅಲ್ಲಿ ಚಳಿಗಾಲದಲ್ಲಿ ಆಡಲು ಒಳಾಂಗಣ ಕೋರ್ಟುಗಳಿದ್ದವು, ಕಪ್ಪು ಹುಡುಗರಿಗೆ ಮಾತ್ರ ಬಾಗಿಲು ಮುಚ್ಚಿತ್ತು. 1960ರಲ್ಲಿ ಆ ಹುಡುಗ ಬರೀ ಆಟಕ್ಕಾಗಿ ಊರು ಬಿಟ್ಟು ಸೇಂಟ್ ಲೂಯಿಸ್ಸಿಗೆ ಹೋಗಬೇಕಾಯಿತು. ಇನ್ನೊಂದು ಜೋಡಿ, ಹೆಂಗಸರದ್ದು. 1956ರಲ್ಲಿ ಕಪ್ಪು ಆಟಗಾರ್ತಿ ಆಲ್ತಿಯಾ ಗಿಬ್ಸನ್ ಮತ್ತು ಬ್ರಿಟನ್ನಿನ ಯಹೂದಿ ಆಟಗಾರ್ತಿ ಆಂಜೆಲಾ ಬಕ್ಸ್‌ಟನ್. ಇಬ್ಬರೂ ಕ್ಲಬ್ಬುಗಳ ಬಾಗಿಲಾಚೆ ನಿಂತು ಅಭ್ಯಾಸ ಇದ್ದವರು. ಆ ವರ್ಷ ಫ್ರೆಂಚ್ ಮತ್ತು ವಿಂಬಲ್ಡನ್ ಎರಡೂ ಡಬಲ್ಸ್ ಒಟ್ಟಿಗೆ ಗೆದ್ದರು. ನನ್ನ ಮನಸ್ಸು ಮುಟ್ಟಿದ್ದು ಆ ಕಪ್ ಅಲ್ಲ. ಸುಮಾರು 40 ವರ್ಷ ಕಳೆದ ಮೇಲೆ, ಗಿಬ್ಸನ್ ಕಾಯಿಲೆ ಬಿದ್ದು ಮದ್ದಿಗೂ ದುಡ್ಡಿಲ್ಲದೆ ಬಕ್ಸ್‌ಟನ್‌ಗೆ ಫೋನ್ ಮಾಡಿದರು. ಬಕ್ಸ್‌ಟನ್ ಟೆನಿಸ್ ಲೋಕಕ್ಕೆಲ್ಲ ಸುದ್ದಿ ಮುಟ್ಟಿಸಿ ಹಣ ಒಟ್ಟು ಮಾಡಿಸಿದರು. ಜೋಡಿ ಅಂದರೆ ಅದು. ಕೋರ್ಟಿನ ಲೈಟ್ ಆಫ್ ಆದ ಮೇಲೂ ಇರುವುದು.

ಈಗ ನನ್ನ ಮಗಳ ವಿಷಯ. ಇಷ್ಟೆಲ್ಲ ಬರೆದದ್ದು ಇದಕ್ಕೇ.

ಅವಳು ಒಂಬತ್ತನೇ ಕ್ಲಾಸು. ನಮ್ಮ ಕಡೆ ಈಗ ಶೀಟ್ ಹೊದಿಸಿದ ಇಂಡೋರ್ ಶಟಲ್ ಕೋರ್ಟುಗಳು ಬಂದಿವೆ. ಗಂಟೆ ಲೆಕ್ಕದಲ್ಲಿ ದುಡ್ಡು. ಮಳೆಗಾಲ ನಾಲ್ಕು ತಿಂಗಳು ಹೊರಗೆ ಆಡುವ ಹಾಗಿಲ್ಲ, ಆದ್ದರಿಂದ ಆಟ ಕಲಿಯಬೇಕು ಅಂದರೆ ಅಲ್ಲಿಗೇ ಹೋಗಬೇಕು. ವಾರಕ್ಕೆ ಎರಡು ದಿನದ ದುಡ್ಡು ಹೊಂದಿಸ್ತೇನೆ. ಅಲ್ಲಿ ಅವಳಿಗೊಬ್ಬಳು ಜೋಡಿ ಸಿಕ್ಕಿದ್ದಾಳೆ. ಇಬ್ಬರೂ ಸೇರಿ ಕಳೆದ ತಿಂಗಳು ಒಂದು ಸಣ್ಣ ಟೂರ್ನಮೆಂಟ್ ಗೆದ್ದರು. ಸಂಜೆ ಆ ಹುಡುಗಿಯ ಮನೆಯಲ್ಲಿ ಊಟ ಅಂತ ಫೋನ್ ಬಂತು. ನನ್ನ ಎದೆ ಹೊಡೆದುಕೊಂಡದ್ದು ನನಗೇ ಕೇಳ್ತಿತ್ತು. ಬೇಡ ಅನ್ನಲಿಕ್ಕೂ ಬಾಯಿ ಬರಲಿಲ್ಲ.

ರಾತ್ರಿ ಬಂದವಳಿಗೆ ಮೊದಲು ಕೇಳಿದ್ದು, "ಎಲ್ಲಿ ಕೂಕಂಡ್ ಉಂಡದ್ದ್?"

"ಒಳ್ಗೇ, ಟೇಬಲ್ಲಲ್ಲ್. ಎಂತಕೆ ಅಪ್ಪ?"

ನಾನು ಏನೂ ಹೇಳಲಿಲ್ಲ. ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದವನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. 27 ವರ್ಷ. ಹುಲ್ಲುಕುತ್ರಿಯಿಂದ ಟೇಬಲ್ಲಿಗೆ ಬರಲಿಕ್ಕೆ 27 ವರ್ಷ ಬೇಕಾಯಿತು ನಮ್ಮ ಮನೆಗೆ.

ಮಲಗುವ ಹೊತ್ತಿಗೆ ಅವಳೇ ಬಂದಳು. "ಅಪ್ಪ, ಅವ್ಳ ಅಮ್ಮ ಕೇಂಡ್ರ್, ನಿಮ್ದ್ ಯಾವ ಜನ ಮಗಾ ಅಂದೇಳಿ. ನಾನ್ ಗೊತ್ತಿಲ್ಲ ಅಂದೆ. ಎಂತ ಹೇಳ್ಕಿತ್ತ್?"

ಕರಾವಳಿಯವರಿಗೆ ಈ 'ಯಾವ ಜನ' ಅನ್ನುವ ಪ್ರಶ್ನೆ ಗೊತ್ತು. ಜಾತಿ ಅನ್ನುವ ಪದ ಬಳಸದೆ ಜಾತಿ ಕೇಳುವ ಮರ್ಯಾದಸ್ಥ ದಾರಿ. ಅವಳು ಗೊತ್ತಿಲ್ಲ ಅಂದದ್ದಕ್ಕೆ ಆ ಟೇಬಲ್ ಸಿಕ್ಕಿತೋ, ಗೊತ್ತಾಗಿದ್ದರೂ ಸಿಗುತ್ತಿತ್ತೋ, ನಾನು ಹೇಗೆ ಹೇಳಲಿ? ಅವಳಿಗೆ ಗೊತ್ತಿಲ್ಲದೆ ಏನಿಲ್ಲ. ಬಾಬಾಸಾಹೇಬರ ಫೋಟೋ ಕೆಳಗೇ ಕೂತು ಓದುವವಳು. 14ನೇ ವಯಸ್ಸಿಗೇ ಅವಳಿಗೂ ಆ ಅಭ್ಯಾಸ ಬಂದುಬಿಟ್ಟಿದೆ, ನನ್ನ ಹಾಗೆ, ಯಾರೂ ಹೇಳದೆ ಅಂಗಳದಲ್ಲಿ ನಿಲ್ಲುವ ಅಭ್ಯಾಸ. ಅವಳು ನಿಂತದ್ದು ಸುಳ್ಳಿನ ಅಂಗಳದಲ್ಲಿ, ಅಷ್ಟೇ ಫರಕು.

"ಮುಂದಿನ ಸಲ ಕೇಂಡ್ರೆ ಇದ್ದದ್ದ್ ಇದ್ದ ಹಾಂಗೆ ಹೇಳ್" ಅಂದೆ.

"ಅವ್ಳ್ ಆಡುಕೆ ಬಾರದಿದ್ರೆ?"

ಇದಕ್ಕೆ ಯಾವ ಭಾಷಣದಲ್ಲೂ ಉತ್ತರ ಇಲ್ಲ ಗೆಳೆಯರೇ. ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಇಲ್ಲ. ಜೋಡಿ ಬಿಟ್ಟು ಹೋದರೆ ಯಾವ ಠಾಣೆಯಲ್ಲಿ ಕಂಪ್ಲೇಂಟ್ ಕೊಡುವುದು? ಟ್ಯೂಷನ್ ಇತ್ತು ಅಂತಾರೆ, ಟೈಮಿಂಗ್ ಆಗಲಿಲ್ಲ ಅಂತಾರೆ. ಈಗಷ್ಟೇ ಚಾ ಕುಡಿದು ಬಂದೆ ಅಂದ ಹಾಗೆ.

ಮಗಳು ಮುಂದಿನ ವಾರ ಆ ಹುಡುಗಿಗೆ ತಾನಾಗಿಯೇ ಹೇಳಿದಳಂತೆ, ನಾವು ಇಂಥವರು ಅಂತ. ಹುಡುಗಿ, "ಅದೆಲ್ಲ ಇರ್ಲಿ, ನಿನ್ನ ಬ್ಯಾಕ್‌ಹ್ಯಾಂಡ್ ಸರಿ ಮಾಡ್ಕೋ ಮೊದ್ಲ್" ಅಂದಳಂತೆ. ನಾನು ನಕ್ಕೆ. ಇಬ್ಬರೂ ಈಗಲೂ ಆಡ್ತಿದ್ದಾರೆ. ಇದನ್ನು ವಿಜಯ ಅಂತ ಬರೀತಿಲ್ಲ. ಕೋರ್ಟಿನಲ್ಲಿ ನನ್ನ ಜೋಡಿಯೂ ನನ್ನನ್ನು ಎತ್ತಿ ಕುಣಿದಿದ್ದ. ಕೋರ್ಟಿನೊಳಗಿನ ಸಮಾನತೆ ಅರ್ಧ ದಾರಿ. ಅವರ ಟೇಬಲ್ಲಿನಲ್ಲಿ ನಮಗೆ ಜಾಗ ಸಿಗುವುದು ಇನ್ನೂ ಸ್ವಲ್ಪ. ನಮ್ಮ ಒಲೆಯಲ್ಲಿ ಬೆಂದದ್ದನ್ನು ಅವರು ಉಣ್ಣುತ್ತಾರಾ ಅನ್ನುವುದು ಪೂರ್ತಿ ಪರೀಕ್ಷೆ. ಸಹಭೋಜನ ಒಂದರಿಂದ ಜಾತಿ ಸಾಯುವುದಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿದ್ದಾರೆ, ಗೊತ್ತು, ಒಪ್ತೇನೆ. ಆದರೆ ನಮ್ಮ ಊರಿನಲ್ಲಿ ನಾವಿನ್ನೂ ಆ ಲೋಟ ಚಾದ ಹತ್ತಿರವೇ ನಿಂತಿದ್ದೇವೆ.

ಅದಕ್ಕೆ ಈ ಭಾನುವಾರ ಆ ಹುಡುಗಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆದಿದ್ದೇವೆ. ಮನೆಯವಳು ಬಂಗುಡೆ ಸಾರು, ಕೊಚ್ಚಕ್ಕಿ ಅನ್ನ ಅಂತ ಈಗಲೇ ತೀರ್ಮಾನ ಮಾಡಿದ್ದಾಳೆ. ಅಬ್ಬಿಗೆ ಈಗ ಕಣ್ಣು ಸರಿ ಕಾಣುವುದಿಲ್ಲ. ಆದರೂ ಚಾ ನಾನೇ ಮಾಡ್ತೇನೆ ಅಂತ ಹೇಳಿದ್ದಾಳೆ. 1998ರದ್ದು ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ.

ನಿನ್ನೆ ಹುಡುಗಿಯ ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದೆ, ಮಗಳನ್ನು ಕಳಿಸಿ, ನೀವೂ ಬನ್ನಿ ಅಂತ. ಒಂದು ಕ್ಷಣ ಆಚೆಯಿಂದ ಮಾತಿರಲಿಲ್ಲ. ಆಮೇಲೆ, "ಕಾಂಬ" ಅಂದರು.

ಕಾಂಬ.

ಜೈ ಭೀಮ್.